ಎಲ್‌ಎಲ್‌ಎಂಗೆ ಮೊದಲು ಸನ್ನದು
ಗಬ್ಬೂರಿನಿಂದ ಹುಬ್ಬಳ್ಳಿಯ ನವನಗರದ ಕಾನೂನು ವಿಶ್ವವಿದ್ಯಾಲಯಕ್ಕೆ ಓಡಾಡಿ ಎಲ್‌ಎಲ್‌ಬಿ ಮುಗಿಸಿ, ಸಿವಿಲ್ ನ್ಯಾಯಾಧೀಶರಾಗುವ ಆಸೆ ಇಟ್ಟುಕೊಂಡ ತಮ್ಮ-ತಂಗಿಯರಿಗೆ ಒಂದು ಮಾತು. ಈ ಹುದ್ದೆಗೆ ಕನಿಷ್ಠ 3 ವರ್ಷದ ವಕೀಲಿಕೆ ಬೇಕೆಂದು 2025ರ ಮೇ 20ರಂದು ಸುಪ್ರೀಂ ಕೋರ್ಟ್ ಹೇಳಿತು. ಲೆಕ್ಕ ತಾತ್ಕಾಲಿಕ ನೋಂದಣಿಯಿಂದ ಶುರು; ನ್ಯಾಯಮೂರ್ತಿಗಳ ಬಳಿ ಲಾ ಕ್ಲರ್ಕ್ ಆಗಿದ್ದರೆ ಅದೂ ಸೇರುತ್ತದೆ. ಎಲ್‌ಎಲ್‌ಎಂ ಓದಿಗೆ ಅಂಥ ರಿಯಾಯಿತಿ ಇಲ್ಲ. ಮುನಿಸು ಬೇಡ. ವಕಾಲತ್ತು ಹಾಕುವುದು, ಮುದ್ದತು ಕೇಳುವುದು, ಪಾಟೀ ಸವಾಲಿನಲ್ಲಿ ಸಾಕ್ಷಿ ತಡವರಿಸಿದ ಗಳಿಗೆಯನ್ನು ಹಿಡಿಯುವುದು ತರಗತಿಯಲ್ಲಿ ಬರುವಂಥದ್ದಲ್ಲ. ನನ್ನ ಕೇಳಿದರೆ, ಶ್ರದ್ಧೆಯಿಂದ ಪ್ರಬಂಧ ಬರೆದವರಿಗೆ ಆರು ತಿಂಗಳ ವಿನಾಯಿತಿ ಕೊಡಬಹುದಿತ್ತು; ಅದಕ್ಕಿಂತ ಹೆಚ್ಚು ಬೇಡ. ಸದ್ಯ ಮೊದಲು ಸನ್ನದು ಪಡೆದು ಹಿರಿಯ ವಕೀಲರೊಬ್ಬರ ಕಚೇರಿ ಸೇರಿ. ಅನುಭವದ ಪ್ರಮಾಣಪತ್ರ ಕೊಡುವ ವಕೀಲರಿಗೆ 10 ವರ್ಷದ ವೃತ್ತಿ ಆಗಿರಬೇಕು, ಅದಕ್ಕೆ ನ್ಯಾಯಾಧೀಶರ ದೃಢೀಕರಣವೂ ಬೇಕು. ಹಾಜರಾದ ಪ್ರಕರಣಗಳ ನಂಬರನ್ನು ಮೊದಲ ದಿನದಿಂದಲೇ ಡೈರಿಯಲ್ಲಿ ಬರೆದಿಡಿ.