ಗಿಡದ ಚೀಟಿಯ ‘ವಲಯ 9’ ಮತ್ತು ನಮ್ಮ ಮಲೆನಾಡಿನ ‘ವಲಯ 9’



ಈಚೆಗೆ ನಮ್ಮ ಬೆಳೆಗಾರರಲ್ಲಿ ಅಡಿಕೆ, ಕಾಫಿ, ಮೆಣಸಿನ ಜೊತೆಗೆ ಬೆಣ್ಣೆಹಣ್ಣು, ರಾಂಬುಟಾನ್, ಮ್ಯಾಂಗೊಸ್ಟೀನ್ ಮುಂತಾದ ಗಿಡಗಳನ್ನು ನೆಡುವ ಉತ್ಸಾಹ ಹೆಚ್ಚಿದೆ. ಒಳ್ಳೆಯದೇ. ಒಂದೇ ಬೆಳೆಯನ್ನು ನಂಬಿ ಕುಳಿತವರು ಬೆಲೆ ಬಿದ್ದ ವರ್ಷ ಏನು ಅನುಭವಿಸುತ್ತಾರೆಂಬುದು ನಮಗೆಲ್ಲ ಗೊತ್ತಿದೆ. ಆದರೆ ಈ ಗಿಡಗಳಿಗೂ, ಮನೆಯಂಗಳಕ್ಕೆಂದು ತರಿಸುವ ಹೂವಿನ ಗೆಡ್ಡೆ, ಬೀಜದ ಪೊಟ್ಟಣಗಳಿಗೂ ಕೆಲವೊಮ್ಮೆ ಒಂದು ಚೀಟಿ ಅಂಟಿರುತ್ತದೆ. ಅದರಲ್ಲಿ ‘ವಲಯ 9ರಿಂದ 11’ ಎಂದೋ ‘ವಲಯ 5ರಿಂದ 8’ ಎಂದೋ ಅಚ್ಚಾಗಿರುತ್ತದೆ. ಈ ಅಂಕಿಯ ಅರ್ಥವೇನು, ನಮ್ಮ ಕಡೆ ಅದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದೇ ಈ ಸಲದ ಪಾಠ.

ಮೊದಲು ನಮ್ಮದೇ ಪೆದ್ದುತನವನ್ನು ಹೇಳಿಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ ನಾವು ಹನ್ನೆರಡು ಬೆಣ್ಣೆಹಣ್ಣಿನ ಕಸಿ ಗಿಡಗಳನ್ನು ತಂದೆವು. ಚೀಟಿಯಲ್ಲಿ ‘ವಲಯ 9–11’ ಎಂದಿತ್ತು. ನಮ್ಮ ಮಲೆನಾಡು ‘ವಲಯ 9’ ಎಂದು ಬೇಸಾಯದ ಪುಸ್ತಕವೊಂದರಲ್ಲಿ ಓದಿದ ನೆನಪು. ಹಾಗಾದರೆ ಗಿಡ ನಮ್ಮ ಊರಿನದೇ ಆಯಿತಲ್ಲ ಎಂದುಕೊಂಡು ಮಳೆ ಬಿಟ್ಟ ಮೇಲೆ ಅಡಿಕೆ ತೋಟದ ಅಂಚಿನ ತಗ್ಗಿನಲ್ಲಿ ನೆಟ್ಟೆವು. ಬೇಸಿಗೆಯಲ್ಲಿ ನೀರು ಕೊಟ್ಟಂತೆಲ್ಲ ಚೆನ್ನಾಗಿ ಚಿಗುರಿದವು. ಆಗಸ್ಟ್ ತಿಂಗಳಲ್ಲಿ ಎಲೆ ಜೋಲು ಬಿದ್ದವು. ಕಿತ್ತು ನೋಡಿದರೆ ಬೇರು ಕಪ್ಪಾಗಿ ಕೊಳೆತಿತ್ತು. ಹನ್ನೆರಡರಲ್ಲಿ ಒಂಬತ್ತು ಹೋದವು. ಚೀಟಿಯಲ್ಲಿ ಸುಳ್ಳೇನೂ ಇರಲಿಲ್ಲ; ಓದುವುದರಲ್ಲಿ ನಾವೇ ತಪ್ಪಿದ್ದೆವು.

ತಪ್ಪಿದ್ದು ಎಲ್ಲಿ ಎಂದರೆ, ಈ ಎರಡು ಒಂಬತ್ತುಗಳು ಬೇರೆ ಬೇರೆ. ನಮ್ಮ ರಾಜ್ಯವನ್ನು ಮಳೆ, ಮಣ್ಣು, ನೆಲದ ಎತ್ತರ, ಬೆಳೆಯುವ ಬೆಳೆ ಇವನ್ನೆಲ್ಲ ನೋಡಿ 10 ಕೃಷಿ ಹವಾಮಾನ ವಲಯಗಳಾಗಿ ಮಾಡಿದ್ದಾರೆ. ಅದರಲ್ಲಿ 9ನೆಯದು ಗುಡ್ಡಗಾಡು ವಲಯ, 10ನೆಯದು ಕರಾವಳಿ. ಚೀಟಿಯ ಮೇಲಿನ ಅಂಕಿಯಾದರೋ ಅಮೆರಿಕದ ಕೃಷಿ ಇಲಾಖೆಯ ನಕ್ಷೆಯದು. ಹಿಮ ಬೀಳುವ ಆ ದೇಶದಲ್ಲಿ ಮನೆಯಂಗಳದ ಗಿಡ ಚಳಿಗಾಲ ಕಳೆದು ಬದುಕುತ್ತದೆಯೇ ಎಂಬುದೇ ದೊಡ್ಡ ಪ್ರಶ್ನೆ. ಅದಕ್ಕಾಗಿ 1960ರಲ್ಲಿ ಆ ಇಲಾಖೆ ಈ ನಕ್ಷೆಯನ್ನು ಹೊರತಂದಿತು. ಆಮೇಲೆ ಹಲವು ಸಲ ತಿದ್ದಿದ್ದಾರೆ. 2023ರಲ್ಲಿ ಬಂದದ್ದು 1991ರಿಂದ 2020ರವರೆಗಿನ ಮೂವತ್ತು ವರ್ಷಗಳ ಲೆಕ್ಕದ ಮೇಲೆ ನಿಂತಿದೆ.

ಲೆಕ್ಕ ಸರಳವಾದದ್ದು. ಒಂದು ಊರಿನಲ್ಲಿ ಪ್ರತಿ ವರ್ಷವೂ ಅತ್ಯಂತ ಚಳಿಯ ರಾತ್ರಿ ಉಷ್ಣತೆ ಎಲ್ಲಿಗೆ ಇಳಿಯಿತು ಎಂದು ಬರೆದಿಟ್ಟು, ಅಷ್ಟು ವರ್ಷಗಳ ಸರಾಸರಿ ತೆಗೆಯುವುದು. ಅದನ್ನು 10 ಫ್ಯಾರನ್‌ಹೀಟ್ ಡಿಗ್ರಿಗೆ ಒಂದರಂತೆ 13 ವಲಯ ಮಾಡುವುದು. ನಮ್ಮ ಸೆಂಟಿಗ್ರೇಡಿನಲ್ಲಿ ಹೇಳುವುದಾದರೆ, ಅವರ 9ನೆಯ ವಲಯದ ಉಷ್ಣತೆ ಸೊನ್ನೆಗಿಂತ 6.7 ಡಿಗ್ರಿ ಕೆಳಗಿನಿಂದ 1.1 ಡಿಗ್ರಿ ಕೆಳಗಿನವರೆಗೆ. ಅಂದರೆ ಬಾನಿಯಲ್ಲಿಟ್ಟ ನೀರು ಬೆಳಗಾಗುವಾಗ ಮಂಜುಗಡ್ಡೆ! 10ನೆಯದು ಅಲ್ಲಿಂದ 4.4 ಡಿಗ್ರಿಯವರೆಗೆ, 11ನೆಯದು 10 ಡಿಗ್ರಿಯವರೆಗೆ, 12ನೆಯದು 15.6ರವರೆಗೆ, 13ನೆಯದು 21.1ರವರೆಗೆ. ಈ ಅಳತೆ ಹಿಡಿದರೆ ನಮ್ಮ ಕರಾವಳಿ 13ಕ್ಕೆ ಸೇರುತ್ತದೆ. ಮಲೆನಾಡಿನ ಹೆಚ್ಚಿನ ತೋಟಗಳು 12ಕ್ಕೆ. ಎತ್ತರದ, ತಣ್ಣನೆಯ ಕಣಿವೆಗಳು 11ಕ್ಕೆ ಇಳಿದಾವು. 9 ನಮ್ಮ ಹತ್ತಿರಕ್ಕೂ ಬರುವುದಿಲ್ಲ.

ಸರಾಸರಿ ಎಂಬ ಮಾತನ್ನೂ ಸ್ವಲ್ಪ ಗಮನಿಸಬೇಕು. ಸರಾಸರಿಗಿಂತ ಚಳಿ ಹೆಚ್ಚಾದ ವರ್ಷಗಳೂ ಅದರೊಳಗೇ ಅಡಗಿರುತ್ತವೆ, ಗಿಡ ಸಾಯುವುದು ಅಂಥ ಒಂದು ರಾತ್ರಿಯಲ್ಲಿ. ಕಾಫಿಯವರಿಗೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಡ: ಬ್ರೆಜಿಲಿನ ಪರಾನಾ ಪ್ರಾಂತ್ಯದಲ್ಲಿ 1975ರ ಜುಲೈ ತಿಂಗಳ ಹಿಮಪಾತಕ್ಕೆ ಕಾಫಿ ತೋಟಗಳು ಸುಟ್ಟ ಹಾಗೆ ಕಪ್ಪಾದವು. ಮರುವರ್ಷ ಅಲ್ಲಿ ಕೊಯ್ಯಲು ಹಣ್ಣೇ ಇರಲಿಲ್ಲವೆನ್ನಬೇಕು. ಜಗತ್ತಿನ ಕಾಫಿ ಬೆಲೆ 1977ರವರೆಗೂ ಏರಿದ್ದು ಹಿರಿಯ ಬೆಳೆಗಾರರಿಗೆ ನೆನಪಿರಬಹುದು. ಆಮೇಲೆ ಅಲ್ಲಿಯ ಕಾಫಿ ನಿಧಾನವಾಗಿ ಉತ್ತರದ ಮಿನಾಸ್ ಜೆರೈಸ್ ಕಡೆಗೆ ಸರಿಯಿತು. ಆದರೂ 2021ರ ಜುಲೈನಲ್ಲಿ ಹಿಮ ಅಲ್ಲಿಗೂ ಹೋಯಿತು.

ನಮ್ಮಲ್ಲಿ ಚಳಿಗೆ ಸತ್ತ ಕಾಫಿ ಗಿಡವನ್ನು ನಾವಂತೂ ನೋಡಿಲ್ಲ. ಅಡಿಕೆಗೆ 14ರಿಂದ 36 ಡಿಗ್ರಿ ಹಿತ, 10ಕ್ಕಿಂತ ಇಳಿದರೆ ತೊಂದರೆ ಎನ್ನುತ್ತಾರೆ. ಅದೂ ಎತ್ತರದ ಕೆಲವು ಕಡೆ ಮಾತ್ರ ಬರುವ ಮಾತು. ನಮ್ಮ ಗಿಡಗಳನ್ನು ಕೊಲ್ಲುವುದು ಚಳಿಯಲ್ಲ, ನೀರು. ಒಂದೋ ಹೆಚ್ಚಾಗಿ, ಇಲ್ಲವೇ ಕಡಿಮೆಯಾಗಿ. ಈ ವಿಷಯದಲ್ಲಿ ಅಮೆರಿಕದ ಚೀಟಿ ಬಾಯಿ ಬಿಡುವುದೇ ಇಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ. ಅಲ್ಲಿಂದ ಪೂರ್ವಕ್ಕೆ ಸುಮಾರು ನೂರು ಕಿಲೋಮೀಟರ್ ಹೋದರೆ ಕಡೂರು. ಅಲ್ಲಿ ಸಾಮಾನ್ಯ ವರ್ಷ ಸಾವಿರವೂ ಮುಟ್ಟುವುದಿಲ್ಲ. ಚಳಿಯ ಲೆಕ್ಕದಲ್ಲಿ ಇವೆರಡಕ್ಕೂ ಅಷ್ಟೇನೂ ಅಂತರ ಕಾಣದು. ಒಂದೇ ಗಿಡ ಎರಡೂ ಕಡೆ ಬಾಳುತ್ತದೆಯೇ?

ಅಡಿಕೆಯ ಕೊಳೆರೋಗ ನಮಗೆ ಹೊಸದಲ್ಲ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು 1910ರ ಸುಮಾರಿಗೆ ಅದರ ಕಾರಣವನ್ನು ತಿಳಿದು ಬೋರ್ಡೋ ಸಿಂಪಡಣೆಯನ್ನು ಬಳಕೆಗೆ ತಂದರು. ಇಂದಿಗೂ ಶೇಕಡಾ 1ರ ಬೋರ್ಡೋ ದ್ರಾವಣವೇ ನಮ್ಮ ಆಸರೆ. ಆ ರೋಗಾಣುವಿನ ಕುಲದ ಹೆಸರು ಫೈಟಾಫ್ತರ. ಮೆಣಸಿನ ಬಳ್ಳಿಯನ್ನು ಮಳೆಗಾಲದಲ್ಲಿ ದಿಢೀರನೆ ಸೊರಗಿಸುವುದು ಅದರ ದಾಯಾದಿ. ಬೆಣ್ಣೆಹಣ್ಣಿನ ಬೇರನ್ನು ಕೊಳೆಸುವುದು ಇನ್ನೊಂದು ದಾಯಾದಿ. ಮೂರಕ್ಕೂ ಬೇಕಾದದ್ದು ಬಿಡದ ಮಳೆ, ನಿಂತ ನೀರು. ನಮ್ಮ ಹನ್ನೆರಡು ಗಿಡಗಳಲ್ಲಿ ಉಳಿದ ಮೂರು ಎಲ್ಲಿದ್ದವು ಎಂದು ಆಮೇಲೆ ನೋಡಿದೆವು. ಸಾಲಿನ ಕೊನೆಯಲ್ಲಿ, ಬಸಿಗಾಲುವೆಯ ಪಕ್ಕದ ಏರಿಯ ಮೇಲಿದ್ದವು! ಆದ್ದರಿಂದ ಬೆಣ್ಣೆಹಣ್ಣು ನೆಡುವವರು ಇಳಿಜಾರನ್ನು ಆರಿಸಿ, ಮಣ್ಣು ಏರಿಸಿ, ದಿಬ್ಬ ಮಾಡಿ ನೆಡಬೇಕು. ಕಸಿಯ ಗಂಟು ಮಣ್ಣಿನಿಂದ ಮೇಲಿರಲಿ. ಸಂದೇಹವಿದ್ದ ಜಾಗದಲ್ಲಿ ಜುಲೈ ತಿಂಗಳಲ್ಲಿ ಎರಡಡಿ ಗುಂಡಿ ತೆಗೆದು ನೋಡಿ. ಮಳೆ ಹೊಳವಾಗಿ ಒಂದು ದಿನ ಕಳೆದರೂ ನೀರು ನಿಂತಿದ್ದರೆ ಆ ಜಾಗ ಅದಕ್ಕಲ್ಲ.

ಇನ್ನು ‘5ರಿಂದ 8’ ಎಂಬಂಥ ಚೀಟಿಗಳು. ಇದರಲ್ಲಿ ಮೊದಲ ಅಂಕಿ ಗಿಡ ತಾಳುವ ಚಳಿಯನ್ನು ಹೇಳುತ್ತದೆ. ಎರಡನೆಯದು, ಇದಕ್ಕಿಂತ ಬೆಚ್ಚನೆಯ ಕಡೆ ಗಿಡ ಸುಖಪಡದು ಎಂಬ ಸೂಚನೆ. ಸೇಬು, ಟುಲಿಪ್ ಮುಂತಾದವಕ್ಕೆ ಚಳಿ ಶತ್ರುವಲ್ಲ, ಅಗತ್ಯ. ಸೇಬಿನ ಹಳೆಯ ತಳಿಗಳಿಗೆ 7 ಡಿಗ್ರಿಗಿಂತ ಕೆಳಗೆ ನೂರಾರು ಗಂಟೆ ಸಿಗದಿದ್ದರೆ ಮೊಗ್ಗು ಸರಿಯಾಗಿ ಒಡೆಯದು. ನಮ್ಮ ಧನುರ್ಮಾಸದ ಬೆಳಗಿನ ಜಾವದ ನಡುಕ ಅದಕ್ಕೆ ಸಾಲದು. ಬಿಸಿಲಿಗೂ ಒಂದು ನಕ್ಷೆ ಇದೆ. ಅಮೆರಿಕದ ತೋಟಗಾರಿಕೆ ಸಂಘದವರು 1997ರಲ್ಲಿ, ವರ್ಷಕ್ಕೆ ಎಷ್ಟು ದಿನ ಉಷ್ಣತೆ 30 ಡಿಗ್ರಿ ದಾಟುತ್ತದೆ ಎಂದು ಎಣಿಸಿ ಅದನ್ನು ಮಾಡಿದರು. ಚೀಟಿಯಲ್ಲಿ ಅದನ್ನು ಅಚ್ಚು ಹಾಕುವವರು ವಿರಳ.

ಹಾಗಾದರೆ ಬೆಳೆಗಾರ ಯಾವುದನ್ನು ನಂಬಬೇಕು? ತನ್ನ ಪುಸ್ತಕವನ್ನು. ಮಳೆಯನ್ನು ಇಂಚು, ಸೆಂಟಿನಲ್ಲಿ ಬರೆದಿಡುವ ರೂಢಿ ನಮ್ಮ ಕಾಫಿ ಮನೆಗಳಲ್ಲಿ ಅಜ್ಜಂದಿರ ಕಾಲದಿಂದ ಇದೆ. ಹೂಮಳೆ ಯಾವ ದಿನ ಎಷ್ಟು ಸೆಂಟು ಬಿತ್ತು, ಬ್ಯಾಕಿಂಗ್ ಮಳೆ ಎಷ್ಟು ದಿನ ತಡವಾಯಿತು ಎಂದು ಬಾಯಲ್ಲೇ ಹೇಳುವವರಿದ್ದಾರೆ. (ನೂರು ಸೆಂಟಿಗೆ ಒಂದು ಇಂಚು, ಇಂಚಿಗೆ 25.4 ಮಿಲಿಮೀಟರ್, ಸರ್ಕಾರದ ಲೆಕ್ಕದೊಡನೆ ಹೋಲಿಸುವಾಗ ಇದು ನೆನಪಿರಲಿ.) ಅದೇ ಪುಸ್ತಕದಲ್ಲಿ ಉಷ್ಣತೆಗೂ ಒಂದು ಕಲಂ ಹಾಕಿದರೆ ಸಾಕು. ಗರಿಷ್ಠ–ಕನಿಷ್ಠ ಉಷ್ಣಮಾಪಕವೊಂದನ್ನು ತಂದು, ನೆಲದಿಂದ ನಾಲ್ಕೈದು ಅಡಿ ಎತ್ತರದಲ್ಲಿ, ಬಿಸಿಲು, ಮಳೆ ತಾಗದ ಹಾಗೆ, ಗಾಳಿ ಆಡುವ ಕಡೆ ಕಟ್ಟಬೇಕು. ಮನೆಯ ಗೋಡೆಗೆ ಕಟ್ಟಬೇಡಿ. ಹಗಲು ಕಾದ ಗೋಡೆ ರಾತ್ರಿಯಿಡೀ ಶಾಖ ಬಿಡುತ್ತದೆ, ಲೆಕ್ಕ ಕೆಡುತ್ತದೆ. ಮೊಬೈಲಿನಲ್ಲಿ ಕಾಣುವ ಅಂಕಿ ನಿಮ್ಮ ತೋಟದೊಳಗೆ ಅಳೆದದ್ದಲ್ಲ.

ಸಾಧ್ಯವಿದ್ದವರು ಎರಡು ಕಟ್ಟುವುದು ಮೇಲು: ಒಂದು ಗುಡ್ಡದ ಕಾಫಿಯಲ್ಲಿ, ಇನ್ನೊಂದು ಕೆಳಗಿನ ಅಡಿಕೆ ತೋಟದಲ್ಲಿ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ತಣ್ಣನೆಯ ಗಾಳಿ ಭಾರವಾಗಿ ನೀರಿನ ಹಾಗೆಯೇ ತಗ್ಗಿಗೆ ಹರಿದು ನಿಲ್ಲುತ್ತದೆ. ಗುಡ್ಡದ ಮೇಲೆ ಚಳಿ ಹೆಚ್ಚು ಎಂದು ನಂಬಿದವರಿಗೆ ಜನವರಿಯ ಬೆಳಗ್ಗೆ ಎರಡೂ ಅಂಕಿ ನೋಡಿದಾಗ ಆಶ್ಚರ್ಯವಾಗುತ್ತದೆ. ಮರದ ನೆರಳು ನೆಲದ ಶಾಖವನ್ನು ಹಿಡಿದಿಡುವುದರಿಂದ ಬಯಲಿಗೂ ನೆರಳಿಗೂ ಅಂತರ ಕಾಣುತ್ತದೆ. ರಾಂಬುಟಾನಿನಂಥ ಚಳಿ ತಾಳದ ಗಿಡಕ್ಕೆ ಜಾಗ ಹುಡುಕುವಾಗ ಈ ಅಂತರ ಬಹಳ ಉಪಯೋಗಕ್ಕೆ ಬರುತ್ತದೆ.

ಬೆಳಗ್ಗೆ ಎಂಟೂವರೆಗೆ ಮಳೆ ಅಳೆಯುವಾಗಲೇ ಉಷ್ಣತೆಯನ್ನೂ ಬರೆಯಿರಿ. ವರ್ಷದ ಕೊನೆಗೆ ಮೂರು ಅಂಕಿಗಳನ್ನು ಬೇರೆ ತೆಗೆದಿಡಿ: ಅತಿ ತಣ್ಣನೆಯ ರಾತ್ರಿಯ ಉಷ್ಣತೆ, ಒಂದೇ ಸಮನೆ ಮಳೆಯಿಲ್ಲದೆ ಕಳೆದ ದಿನಗಳು, ಒಂದೇ ದಿನ ಮೂರು ಇಂಚಿಗೆ ಮೀರಿ ಸುರಿದ ದಿನಗಳು. ಹಳೆಯ ಮಳೆ ಲೆಕ್ಕದ ಪುಸ್ತಕಗಳು ಅಟ್ಟದಲ್ಲಿದ್ದರೆ ಗೆದ್ದಲು ತಿನ್ನುವ ಮೊದಲು ಕೆಳಗಿಳಿಸಿ. ಗೊಬ್ಬರಕ್ಕೆಂದು ಸಂಘಕ್ಕೆ ಬರುವ ದಿನ ಜೊತೆಗೆ ತಂದರೆ, ಬೇರೆ ಬೇರೆ ಊರುಗಳ ಅಂಕಿಗಳನ್ನು ಒಂದೇ ಹಾಳೆಯಲ್ಲಿ ಜೋಡಿಸಿ ಮುಂದಿನ ಸಂಚಿಕೆಯಲ್ಲಿ ಕೊಡುತ್ತೇವೆ.