ಸಿ.ಬಿ. ಪಾಯಿಂಟ್ ತೆಗೆಯುವ ಮುಂಚೆ ಮಲ್ಟಿಮೀಟರ್ ತೆಗೆಯಿರಿ

ನಮ್ಮ ಗೆಳೆಯನೊಬ್ಬನ ತಾತನ ಹತ್ತಿರ ಹಳೇ ಪೆಟ್ರೋಲ್ ಅಂಬಾಸಿಡರ್ ಇದೆ, 1489 ಸಿಸಿ ಎಂಜಿನ್‌ದು. ಎರಡು ತಿಂಗಳಿಗೊಮ್ಮೆ ಅದರ ಸಿ.ಬಿ. ಪಾಯಿಂಟ್ ಸುಟ್ಟುಹೋಗಿ ಗಾಡಿ ದಾರಿಯಲ್ಲೇ ನಿಲ್ತಿತ್ತು. "ಸಾಕಾಯ್ತಪ್ಪ, ಗುಜರಿಗೆ ಕೊಟ್ಟುಬಿಡ್ತೀನಿ" ಅಂದ್ರು ತಾತ. "ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿ ನೋಡ್ತೀವಿ, ಒಂದು ಚಾನ್ಸ್ ಕೊಡಿ ತಾತ" ಅಂತ ನಾವು ನಾಲ್ಕು ಜನ ಸೆಮಿಸ್ಟರ್ ರಜೆಯಲ್ಲಿ ಕೈ ಹಾಕಿದ್ವಿ. ಅಲ್ಲಿ ಕಲಿತದ್ದು ಇಲ್ಲಿದೆ.

ಪಾಯಿಂಟ್ ಮಾಡುವ ಕೆಲಸ

ಅಮೆರಿಕದ ಚಾರ್ಲ್ಸ್ ಕೆಟರಿಂಗ್ 1910ರ ಸುಮಾರಿಗೆ ಬಳಕೆಗೆ ತಂದ ವ್ಯವಸ್ಥೆ ಇದು. ಪಾಯಿಂಟ್ ಅಂದ್ರೆ ಒಂದು ಸ್ವಿಚ್, ಅಷ್ಟೇ. ಅದು ಮುಚ್ಚಿದ್ದಾಗ ಕಾಯಿಲ್‌ನ ಪ್ರೈಮರಿ ಸುತ್ತಿನಲ್ಲಿ ಕರೆಂಟ್ ಹರಿದು ಕಾಂತಕ್ಷೇತ್ರ ಬೆಳೆಯುತ್ತದೆ. ಡಿಸ್ಟ್ರಿಬ್ಯೂಟರ್ ಒಳಗಿನ ಕ್ಯಾಮ್ ತಿರುಗಿ ಪಾಯಿಂಟ್ ತೆರೆದ ಕೂಡಲೇ ಆ ಕ್ಷೇತ್ರ ಕುಸಿಯುತ್ತದೆ. ಆಗ ಸೆಕೆಂಡರಿ ಸುತ್ತಿನಲ್ಲಿ ಸಾವಿರಾರು ವೋಲ್ಟ್ ಹುಟ್ಟಿ, ಪ್ಲಗ್‌ನಲ್ಲಿ ಕಿಡಿ ಹಾರುತ್ತದೆ. ಫ್ಯಾರಡೆ ನಿಯಮ ನಾವೆಲ್ಲ ಪರೀಕ್ಷೆಗೆ ಓದಿದ್ದೇ! ಪಾಯಿಂಟ್ ತೆರೆಯುವಾಗ ಅಲ್ಲೇ ಕಿಡಿ ಹಾರದಂತೆ ತಡೆಯೋದು ಪಕ್ಕದಲ್ಲಿರುವ ಕಂಡೆನ್ಸರ್.

ಈಗ ಲೆಕ್ಕ ಹಾಕೋಣ. ನಾಲ್ಕು ಸಿಲಿಂಡರ್‌ನ ಫೋರ್-ಸ್ಟ್ರೋಕ್ ಎಂಜಿನ್ 3000 ಆರ್‌ಪಿಎಂನಲ್ಲಿ ಓಡುವಾಗ ಡಿಸ್ಟ್ರಿಬ್ಯೂಟರ್ ಅದರ ಅರ್ಧ, ಅಂದ್ರೆ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಸುತ್ತಿಗೆ ನಾಲ್ಕು ಕಿಡಿ. ಅಂದ್ರೆ ಸೆಕೆಂಡಿಗೆ 100, ಗಂಟೆಗೆ 3,60,000 ಸಲ ಆ ಪುಟ್ಟ ಸ್ವಿಚ್ ತೆರೆದು ಮುಚ್ಚಬೇಕು. ಜೊತೆಗೆ ಕ್ಯಾಮ್ ಮೇಲೆ ಉಜ್ಜುವ ಫೈಬರ್ ತುಂಡು ಸವೆಯುತ್ತಾ ಹೋಗುತ್ತದೆ. ಸವೆದಷ್ಟೂ ಗ್ಯಾಪ್ ಕಡಿಮೆ, ಪಾಯಿಂಟ್ ತೆರೆಯೋದು ತಡ, ಟೈಮಿಂಗ್ ಹಿಂದಕ್ಕೆ. ಪಿಕಪ್ ಹೋಯ್ತು ಅಂತ ನಾವು ಬೈಯೋದು ಕಾರ್ಬ್ಯುರೇಟರ್‌ಗೆ!

ಮೂರು ದಾರಿಗಳು

ಮೊದಲನೆಯದು, ಒಳ್ಳೇ ಪಾಯಿಂಟ್ ಮತ್ತು ಕಂಡೆನ್ಸರ್ ಹಾಕಿ, ಫೀಲರ್ ಗೇಜ್‌ನಲ್ಲಿ ಗ್ಯಾಪ್ ಸರಿಯಾಗಿ ಇಡೋದು. ಇಂಥ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಸುಮಾರು 0.4 ಮಿ.ಮೀ.

ಎರಡನೆಯದು, ಪಾಯಿಂಟ್ ಉಳಿಸಿಕೊಂಡು ನಡುವೆ ಟ್ರಾನ್ಸಿಸ್ಟರ್ ಹಾಕೋದು. ಕಾಯಿಲ್‌ನ ಭಾರವನ್ನು ಟ್ರಾನ್ಸಿಸ್ಟರ್ ಹೊರುತ್ತದೆ, ಪಾಯಿಂಟ್ ಬರೀ ಸೂಚನೆ ಕೊಡುತ್ತದೆ. ಸುಡೋದು ನಿಲ್ಲುತ್ತದೆ, ಸವೆಯೋದು ನಿಲ್ಲಲ್ಲ.

ಮೂರನೆಯದು, ಪಾಯಿಂಟೇ ತೆಗೆದು ಹಾಲ್ ಸೆನ್ಸರ್ ಕೂರಿಸೋದು. 1879ರಲ್ಲಿ ಎಡ್ವಿನ್ ಹಾಲ್ ಕಂಡುಹಿಡಿದ ಪರಿಣಾಮವೇ ಇದರ ತಳಹದಿ. ಕ್ಯಾಮ್ ಮೇಲೆ ನಾಲ್ಕು ಆಯಸ್ಕಾಂತಗಳ ಉಂಗುರ, ಪಕ್ಕದಲ್ಲಿ ಸೆನ್ಸರ್. ಒಂದಕ್ಕೊಂದು ತಾಗೋದೇ ಇಲ್ಲ, ಹಾಗಾಗಿ ಸವೆತ ಇಲ್ಲ. ಟೈಮಿಂಗ್ ಮುಂದಕ್ಕೆ ತಳ್ಳುವ ತೂಕ, ಸ್ಪ್ರಿಂಗ್, ವ್ಯಾಕ್ಯೂಮ್ ಡಬ್ಬಿ ಎಲ್ಲ ಮೊದಲಿನಂತೆಯೇ. ಕಾಯಿಲ್ ಹಳೇದೇ ಆದ್ರೆ ಕಿಡಿ ಅಷ್ಟೇನೂ ಜೋರಾಗಲ್ಲ. ಲಾಭ ಅಂದ್ರೆ ಪ್ರತಿ ಕಿಡಿಯೂ ಸರಿಯಾದ ಹೊತ್ತಿಗೆ ಬರೋದು.

ನಾವು ಎಡವಿದ್ದು

ನಾವು ಮೂರನೇ ದಾರಿ ಹಿಡಿದ್ವಿ. ಅರ್ಧ ಗಂಟೆಯಲ್ಲಿ ಕಿಟ್ ಕೂತಿತು, ಗಾಡಿ ಸ್ಟಾರ್ಟೂ ಆಯ್ತು. ಎಲ್ಲರೂ ಕುಣಿದಾಡಿದ್ವಿ. ಆಮೇಲೆ ಎಂಜಿನ್ ಆಫ್ ಮಾಡಿ, ವೈರಿಂಗ್ ನೋಡ್ತಾ ಕೀ ಆನ್‌ನಲ್ಲೇ ಬಿಟ್ವಿ. ಹತ್ತು ನಿಮಿಷಕ್ಕೆ ಸುಟ್ಟ ವಾಸನೆ. ಮಾಡ್ಯೂಲ್ ಹೋಗಿತ್ತು. ಕಾಯಿಲ್ ಮುಟ್ಟೋಕೆ ಆಗ್ತಿರಲಿಲ್ಲ.

ಆಗ ಮಲ್ಟಿಮೀಟರ್ ಹಿಡಿದ್ವಿ. ತಣ್ಣಗಾದ ಮೇಲೆ ಕಾಯಿಲ್‌ನ ಪ್ರೈಮರಿ 1.5 ಓಮ್ ತೋರಿಸಿತು. ಅದು ಬ್ಯಾಲಸ್ಟ್ ರೆಸಿಸ್ಟರ್ ಜೊತೆ ಬಳಸಬೇಕಾದ ಕಾಯಿಲ್. ಈ ಗಾಡಿಯಲ್ಲಿ ರೆಸಿಸ್ಟರ್ ಇರಲೇ ಇಲ್ಲ. ಬೇಕಿದ್ದದ್ದು 3 ಓಮ್‌ನ ಕಾಯಿಲ್. ಓಮ್ ನಿಯಮ ಹಾಕಿ ನೋಡಿ: 12 ವೋಲ್ಟ್‌ಗೆ 3 ಓಮ್ ಆದ್ರೆ 4 ಆಂಪಿಯರ್, 48 ವ್ಯಾಟ್. 1.5 ಓಮ್ ಆದ್ರೆ 8 ಆಂಪಿಯರ್, 96 ವ್ಯಾಟ್.

ಅಂದ್ರೆ ಎರಡು ತಿಂಗಳಿಗೊಮ್ಮೆ ಪಾಯಿಂಟ್ ಸುಡ್ತಿದ್ದದ್ದು ಪಾಯಿಂಟ್‌ನ ತಪ್ಪಲ್ಲ. ಯಾವಾಗಲೋ ಯಾರೋ ಬದಲಿಸಿದ ಕಾಯಿಲ್‌ನ ತಪ್ಪು. ರೋಗ ಒಂದು ಕಡೆ, ನಾವು ಮದ್ದು ಹಚ್ಚಿದ್ದು ಇನ್ನೊಂದು ಕಡೆ.

ನೀವು ಮಾಡೋದಾದ್ರೆ

- ಮೊದಲು ಕಾಯಿಲ್‌ನ ಪ್ರೈಮರಿ ರೆಸಿಸ್ಟೆನ್ಸ್ ಅಳೆಯಿರಿ. ಕಿಟ್‌ನ ಹಾಳೆಯಲ್ಲಿರುವ ಕನಿಷ್ಠ ಮಿತಿಗಿಂತ ಕಡಿಮೆ ಇದ್ರೆ ಕಾಯಿಲ್ ಬದಲಿಸಿ.
- ಬ್ಯಾಟರಿಯ ಯಾವ ತುದಿ ಬಾಡಿಗೆ ಅರ್ಥ್ ಆಗಿದೆ ನೋಡಿ. ಹಳೇ ಬ್ರಿಟಿಷ್ ಕಾರುಗಳಲ್ಲಿ ಪಾಸಿಟಿವ್ ಅರ್ಥ್ ಇರ್ತಿತ್ತು. ತಿರುಗುಮುರುಗಾದ್ರೆ ಮಾಡ್ಯೂಲ್ ಸುಡಬಹುದು.
- ಡಿಸ್ಟ್ರಿಬ್ಯೂಟರ್ ಶಾಫ್ಟ್ ಅಲ್ಲಾಡಿಸಿ ನೋಡಿ. ಬುಷ್ ಸವೆದಿದ್ರೆ ಮೊದಲು ಅದನ್ನ ಸರಿ ಮಾಡಿ.
- ಬರೀ ತಾಮ್ರದ ಪ್ಲಗ್ ವೈರ್ ಬದಲು ಕಾರ್ಬನ್ ವೈರ್ ಹಾಕಿ. ಇಲ್ಲಾಂದ್ರೆ ಕಿಡಿಯ ಗದ್ದಲಕ್ಕೆ ಸೆನ್ಸರ್ ತಬ್ಬಿಬ್ಬಾಗಬಹುದು.
- ಕೂರಿಸಿದ ಮೇಲೆ ಟೈಮಿಂಗ್ ಲೈಟ್‌ನಲ್ಲಿ ಟೈಮಿಂಗ್ ಮತ್ತೆ ಹೊಂದಿಸಿ.
- ಎಂಜಿನ್ ಓಡದಿದ್ದಾಗ ಕೀ ಆನ್ ಬಿಡಬೇಡಿ.

ಅವತ್ತು ಗಾಡಿ ಮತ್ತೆ ಓಡಿದ್ದು ಹೇಗೆ ಗೊತ್ತಾ? ನಾವು ಎಸೆಯೋಕೆ ಇಟ್ಟಿದ್ದ ಹಳೇ ಪಾಯಿಂಟ್, ಕಂಡೆನ್ಸರ್‌ನ ತಾತ ಪ್ಲಾಸ್ಟಿಕ್ ಕವರ್‌ಗೆ ಹಾಕಿ ಡ್ಯಾಶ್‌ಬೋರ್ಡ್‌ನಲ್ಲಿ ಇಟ್ಟಿದ್ರು. ಎಮರಿ ಪೇಪರ್‌ನಲ್ಲಿ ಉಜ್ಜಿ, ಅವರೇ ಗ್ಯಾಪ್ ಇಟ್ಟುಕೊಟ್ರು. ಮಾರನೇ ವಾರ ನಾವು ದುಡ್ಡು ಸೇರಿಸಿ 3 ಓಮ್‌ನ ಕಾಯಿಲ್, ಹೊಸ ಮಾಡ್ಯೂಲ್ ತಂದು ಹಾಕಿದ್ವಿ. ಐದು ತಿಂಗಳಾಯ್ತು, ಎಲ್ಲೂ ನಿಂತಿಲ್ಲ. ಗುಜರಿ ಮಾತು ತಾತ ಎತ್ತಿಲ್ಲ. ಆ ಪ್ಲಾಸ್ಟಿಕ್ ಕವರ್ ಮಾತ್ರ ಇನ್ನೂ ಡ್ಯಾಶ್‌ಬೋರ್ಡ್‌ನಲ್ಲೇ ಇದೆ.