ಆರೋಗ್ಯ ಪ್ರಶ್ನೋತ್ತರ: ಬಾಣಲೆಯ ಮಾಂಸ, ಪಚಡಿಯ ತಪ್ಪಲು

ಪ್ರಶ್ನೆ: ನಾವು ಮೂಲತಃ ಕೊಡಗಿನವರು, ಪತಿಯ ಉದ್ಯೋಗದ ನಿಮಿತ್ತ ಈಗ ತಳಕಲ್ಲಿನಲ್ಲಿ ವಾಸವಾಗಿದ್ದೇವೆ. ಪಂದಿ ಕರಿಯನ್ನು ಸಾವಧಾನವಾಗಿ ಬೇಯಿಸಲು ಕೆಲಸದ ದಿನಗಳ ಸಂಜೆ ವ್ಯವಧಾನವಿಲ್ಲದ್ದರಿಂದ, ಮಾಂಸವನ್ನು ತೆಳ್ಳಗೆ ಕೊಯ್ದು, ಈರುಳ್ಳಿ, ದೊಣ್ಣೆಮೆಣಸಿನಕಾಯಿಗಳೊಡನೆ ಹತ್ತು ನಿಮಿಷ ಹುರಿದು, ಸ್ವಲ್ಪ ಸೋಯಾ ಸಾಸ್ ಹಾಕಿ, ರೊಟ್ಟಿಯ ಜೊತೆ ಬಡಿಸುತ್ತೇನೆ. ಇಲ್ಲಿಯ ಪದ್ಧತಿಯಂತೆ ಮೆಂತ್ಯ, ಹಕ್ಕರಿಕೆ, ಉಳ್ಳಾಗಡ್ಡಿ ತಪ್ಪಲಿನ ಹಸಿ ಪಚಡಿಯೂ ಇರುತ್ತದೆ. ನೆರೆಮನೆಯ ಅಕ್ಕ, “ಹಂದಿ ಖಂಡ ತಿಂದ್ರ ತಲಿಯಾಗ ಹುಳ ಬೀಳ್ತಾವಂತ, ಹುಡುಗ್ರಿಗಿ ಕೊಡಬ್ಯಾಡವಾ” ಎಂದರು. ಹತ್ತು ನಿಮಿಷದ ಅಡಿಗೆ ಸಾಕೆ? ರಕ್ತದೊತ್ತಡವಿರುವ ನಮ್ಮ ಮಾವನವರಿಗೆ ಇದನ್ನು ಕೊಡಬಹುದೆ?
— ಓರ್ವ ಗೃಹಿಣಿ, ತಳಕಲ್

ಉತ್ತರ: ಸೋದರಿ, ನಿಮ್ಮ ನೆರೆಮನೆಯ ಅಕ್ಕನವರ ಮಾತನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ಅನ್ಯಾಯವಾದೀತು. ಅದರಲ್ಲಿ ಅರ್ಧ ಸತ್ಯವುಂಟು. ಆದರೆ ಉಳಿದರ್ಧವು ಜನರಿಗೆ ತಿಳಿಯದೆ ಹೋಗಿರುವ ಕಾರಣ, ಹಂದಿಮಾಂಸವನ್ನು ಕಣ್ಣೆತ್ತಿಯೂ ನೋಡದ ಮನೆಗಳಲ್ಲಿ ಈ ವ್ಯಾಧಿಯು ಕಾಣಿಸಿಕೊಂಡಾಗ, ಶುದ್ಧ ಸಸ್ಯಾಹಾರಿಗಳಾದ ತಮಗೆ ಇದು ಬಂದುದಾದರೂ ಹೇಗೆಂದು ಮನೆಯವರು ದಿಗ್ಭ್ರಾಂತರಾಗಿ ವೈದ್ಯನ ಮುಖ ನೋಡುವ ಪ್ರಸಂಗ ಒದಗುತ್ತದೆ.

ಸಂಗತಿ ಹೀಗಿದೆ. ಟೀನಿಯಾ ಸೋಲಿಯಂ ಎಂಬ ಲಾಡಿಹುಳುವಿನ ಮರಿಗಳು ಹಂದಿಯ ಸ್ನಾಯುಗಳಲ್ಲಿ ನೀರ್ಗುಳ್ಳೆಗಳಾಗಿ ಅಡಗಿರುವುದುಂಟು. ಅಂಥ ಮಾಂಸವನ್ನು ಅರೆಬೆಂದ ಸ್ಥಿತಿಯಲ್ಲಿ ತಿಂದವನ ಕರುಳಿನಲ್ಲಿ ಆ ಮರಿಯು ಕಚ್ಚಿಕೊಂಡು ಬೆಳೆದು, ಎರಡು ಮೂರು ತಿಂಗಳುಗಳೊಳಗೆ ಮೀಟರುಗಟ್ಟಲೆ ಉದ್ದದ ಹುಳುವಾಗುತ್ತದೆ. ಅದು ಕರುಳಿನ ರೋಗವೇ ಹೊರತು ಮಿದುಳಿನದಲ್ಲ. ಆ ಮನುಷ್ಯನ ಮಲದೊಡನೆ ಸಾವಿರಾರು ತತ್ತಿಗಳು ಹೊರಬೀಳುತ್ತವೆ. ಬಯಲಿನಲ್ಲಿ ಬಿದ್ದ ಅವನ್ನು ಹಂದಿಯು ತಿಂದರೆ ಅದರ ಮೈಯಲ್ಲಿ ಪುನಃ ಗುಳ್ಳೆಗಳೇಳುತ್ತವೆ; ತೊಳೆಯದ ಕೈಯಿಂದಲೋ, ಕಲುಷಿತ ಜಲದಿಂದಲೋ, ಹಸಿ ಸೊಪ್ಪಿನಿಂದಲೋ ಅವೇ ತತ್ತಿಗಳು ಮನುಷ್ಯನ ಉದರವನ್ನು ಹೊಕ್ಕರೆ, ಅವುಗಳಿಂದ ಹೊರಟ ಮರಿಗಳು ರಕ್ತದಲ್ಲಿ ಹರಿದು ಮಿದುಳಿನಲ್ಲಿ ನೆಲೆಸಿ ಮೂರ್ಛೆರೋಗವನ್ನು ತರುತ್ತವೆ. ಇದನ್ನೇ ವೈದ್ಯರು ನ್ಯೂರೋಸಿಸ್ಟಿಸರ್ಕೋಸಿಸ್ ಎನ್ನುತ್ತಾರೆ. ಈ ಹುಳು ನೆಲೆಯೂರಿರುವ ಅನೇಕ ಪ್ರದೇಶಗಳಲ್ಲಿ ಮೂರ್ಛೆರೋಗದ ಪ್ರಕರಣಗಳ ಪೈಕಿ ಸುಮಾರು ನೂರಕ್ಕೆ 30ರಷ್ಟು ಇದರ ಸಂಬಂಧವುಳ್ಳವು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಆದುದರಿಂದ ನೀವು ಬಾಣಲೆಯ ವಿಷಯ ಕೇಳಿದ್ದರೂ, ಪಕ್ಕದ ಪಚಡಿಯ ಬಟ್ಟಲಿನ ವಿಷಯದಲ್ಲಿ ನನಗೆ ಅಧಿಕ ಕಾಳಜಿ.

ಮೊದಲು ಬಾಣಲೆಗೆ ಬರೋಣ. ಅಡಿಗೆಯ ಪಕ್ವತೆಯನ್ನು ಗಡಿಯಾರದಿಂದ ಅಳೆಯಲಾಗದು. ತುಂಡಿನ ದಪ್ಪ, ಉರಿಯ ಬಲ, ಬಾಣಲೆಯಲ್ಲಿ ಒಮ್ಮೆಗೆ ಹಾಕಿದ ಮಾಂಸದ ಪ್ರಮಾಣ, ಈ ಮೂರೂ ಸೇರಿ ಅದನ್ನು ನಿರ್ಣಯಿಸುತ್ತವೆ. ನಾಲ್ವರಿಗೆ ಅರ್ಧ ಕಿಲೋ ಸಾಕು. ತೊಡೆಯ ಇಲ್ಲವೆ ಬೆನ್ನಿನ ಭಾಗದ ಮಾಂಸವನ್ನು ಎಳೆಗಳಿಗೆ ಅಡ್ಡವಾಗಿ, ಮೂರು ನಾಲ್ಕು ಮಿಲಿಮೀಟರಿಗಿಂತ ದಪ್ಪವಾಗದಂತೆ ಕೊಯ್ಯಿರಿ. ಕೊಯ್ಯುವಾಗಲೇ ಬೆಳಕಿನಲ್ಲಿ ಹಿಡಿದು ನೋಡತಕ್ಕದ್ದು: ನೆನೆದ ಸಾಬೂದಾಣಿಯಂತೆ ಅರೆಪಾರದರ್ಶಕವಾಗಿ, ನಡುವೆ ಬಿಳಿಯ ಚುಕ್ಕೆಯುಳ್ಳ ಗುಳ್ಳೆಗಳು ಒಂದೆರಡು ಕಂಡರೂ ಆ ಮಾಂಸವನ್ನು ಅಡಿಗೆಗೆ ಬಳಸದೆ ಆಳವಾಗಿ ಹೂಳಿಸಿಬಿಡಿ. ಗುಳ್ಳೆ ಕಾಣಲಿಲ್ಲವೆಂದ ಮಾತ್ರಕ್ಕೆ ಅದು ಇಲ್ಲವೆಂದು ನಂಬುವಂತಿಲ್ಲ.

ಬಾಣಲೆ ಚೆನ್ನಾಗಿ ಕಾದ ಮೇಲೆ ಮಾಂಸವನ್ನು ಎರಡು ಮೂರು ಕಂತುಗಳಲ್ಲಿ ಹಾಕಿರಿ. ಎಲ್ಲವನ್ನೂ ಒಮ್ಮೆಗೇ ಸುರಿದರೆ ಬಿಸಿಯು ಇಳಿದು, ಮಾಂಸವು ತನ್ನದೇ ನೀರು ಬಿಟ್ಟುಕೊಂಡು ಬಾಣಲೆಯ ಅಡಿಯಲ್ಲಿ ಕೆಂಪುಮಿಶ್ರಿತ ನೊರೆ ಕಟ್ಟುತ್ತದೆ. ಮೇಲಿನ ತುಂಡುಗಳು ಬೆಳ್ಳಗಾದರೂ ಮಡಿಚಿಕೊಂಡವುಗಳ ಒಳಮೈ ಹಸಿಯಾಗಿಯೇ ಉಳಿದೀತು. ಕಂತು ಕಂತಾಗಿ ಹುರಿದು, ಆ ನೀರು ಪೂರ್ತಿ ಇಂಗಿ ಅಂಚುಗಳು ಕಂದು ಬಣ್ಣಕ್ಕೆ ತಿರುಗಿದಾಗ, ಅತ್ಯಂತ ದಪ್ಪವಾಗಿರುವ ತುಂಡನ್ನು ಮುರಿದು ನೋಡಿರಿ. ಗುಲಾಬಿ ಛಾಯೆಯಾಗಲಿ ಕೆಂಪು ರಸವಾಗಲಿ ಕಾಣಬಾರದು. ಉಷ್ಣಮಾಪಕವಿರುವವರು ಒಳಗಿನ ತಾಪ 71 ಡಿಗ್ರಿ ಸೆಲ್ಸಿಯಸ್ ಮುಟ್ಟಿತೆಂದು ಖಾತ್ರಿ ಮಾಡಿಕೊಳ್ಳಬಹುದು. ಈರುಳ್ಳಿ, ದೊಣ್ಣೆಮೆಣಸಿನಕಾಯಿಗಳು ಅನಂತರ ಬರಲಿ. ಹೀಗೆ ಮಾಡಿದರೆ ನಿಮ್ಮ ಹತ್ತು ನಿಮಿಷಕ್ಕೆ ಇನ್ನೈದು ಕೂಡಿಕೊಳ್ಳುವುದೇ ಹೊರತು ಹೆಚ್ಚಿನ ಶ್ರಮವೇನೂ ಇಲ್ಲ. ನಿಮ್ಮ ಕೊಡಗಿನ ಹುಳಿಯಾದ ಕಾಚಂಪುಳಿ, ನಿಂಬೆರಸ, ಅರಿಸಿನ, ಖಾರ ಇವಾವುದರಲ್ಲಿಯೂ ನೆನೆಸಿಟ್ಟ ಮಾತ್ರಕ್ಕೆ ಹುಳುವಿನ ಮರಿ ಸಾಯುವುದಿಲ್ಲ. ಹುಬ್ಬಳ್ಳಿಯಿಂದಲೋ ಹೊಸಪೇಟೆಯಿಂದಲೋ ಮಾಂಸ ತರಿಸುವುದಾದರೆ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ತರಿಸಿ, ಫ್ರೀಜರಿನಲ್ಲಿ ಕೆಲವು ದಿನ ಹೆಪ್ಪುಗಟ್ಟಿಸಿಟ್ಟು ಬಳಸುವುದು ಮೇಲು. ದೀರ್ಘಕಾಲದ ಕಡುಶೈತ್ಯವು ಮರಿಗಳನ್ನು ಕೊಲ್ಲಬಲ್ಲುದಾದರೂ ಪೂರ್ಣ ಬೇಯಿಸುವ ನಿಯಮವನ್ನು ಸಡಿಲಿಸಲಾಗದು. ಆಯ್ಕೆಯಿದ್ದಲ್ಲಿ, ಬಯಲಿಗೆ ಬಿಡದೆ ಕೊಟ್ಟಿಗೆಯಲ್ಲಿಯೇ ಮೇವು ಹಾಕಿ ಸಾಕಿದ ಹಂದಿಯ ಮಾಂಸವನ್ನು ಆರಿಸಿಕೊಳ್ಳಿರಿ.

ಇನ್ನು ಪಚಡಿ. ಎಳೆಯ ತಪ್ಪಲನ್ನು ಹಸಿಯಾಗಿಯೇ ರೊಟ್ಟಿಯೊಡನೆ ತಿನ್ನುವ ಈ ಸೀಮೆಯ ಪದ್ಧತಿಯು ಆಹಾರಶಾಸ್ತ್ರದ ದೃಷ್ಟಿಯಿಂದ ಅತ್ಯಂತ ಶ್ಲಾಘನೀಯವಾದುದು, ಅದನ್ನು ಬಿಡಿರೆಂದು ಹೇಳಲು ನನಗೆ ಮನಸ್ಸು ಬಾರದು. ಆದರೆ ಕಟ್ಟನ್ನು ಹಾಗೆಯೇ ನೀರಿನಲ್ಲಿ ಅದ್ದಿ ಜಾಡಿಸುವುದು ತೊಳೆಯುವಿಕೆಯಾಗದು. ಬೇರನ್ನು ಕತ್ತರಿಸಿ ಕಟ್ಟನ್ನು ಬಿಡಿಸಿರಿ. ಹಕ್ಕರಿಕೆಯ ಎಲೆ ನೆಲಕ್ಕೆ ಒರಗಿ ಬೆಳೆಯುವುದರಿಂದ ಅದರ ಅಡಿಮೈಯ ನರಗಳ ನಡುವೆಯೂ, ಉಳ್ಳಾಗಡ್ಡಿ ತಪ್ಪಲಿನ ಬುಡದ ಪದರಗಳೊಳಗೂ ಮಣ್ಣು ಕುಳಿತಿರುತ್ತದೆ. ಒಂದೊಂದೇ ಎಲೆಯನ್ನು ಹರಿಯುವ ನೀರಿನ ಕೆಳಗೆ ಬೆರಳಿನಿಂದ ಉಜ್ಜಿ, ಪಾತ್ರೆಯ ತಳದಲ್ಲಿ ಮಣ್ಣು ನಿಲ್ಲದಾಗುವವರೆಗೂ ನೀರು ಬದಲಿಸಿರಿ. ಉಪ್ಪುನೀರು, ವಿನಿಗರ್‌ಗಳು ಈ ತತ್ತಿಗಳನ್ನು ಕೊಲ್ಲುತ್ತವೆಂದು ನಂಬಿ ಕೂರುವಂತಿಲ್ಲ. ಚರಂಡಿಯ ನೀರು ಹಾಯಿಸಿ ಬೆಳೆದ ಸೊಪ್ಪೆಂದು ಸಂಶಯ ಬಂದರೆ ಪಚಡಿ ಬೇಡ, ಬೇಯಿಸಿ ಪಲ್ಯ ಮಾಡಿರಿ. ಮಾಂಸ ಕೊಯ್ದ ಮಣೆ ಈಳಿಗೆಗಳನ್ನು ಸಾಬೂನಿನಿಂದ ತೊಳೆಯದೆ ಸೊಪ್ಪಿಗೆ ತಗಲಿಸಬೇಡಿ. ಮನೆಯಲ್ಲಿ ಅಡಿಗೆ ಮಾಡುವವರು ಯಾರೇ ಆಗಿರಲಿ, ಶೌಚದ ಅನಂತರ ಸಾಬೂನಿನಿಂದ ಕೈ ತೊಳೆಯುವ ನಿಯಮವನ್ನು ಮಕ್ಕಳಿಗಿಂತ ಮೊದಲು ಅವರಿಗೆ ವಿಧಿಸಿರಿ. ಏಕೆಂದರೆ ಕರುಳಿನಲ್ಲಿ ಹುಳುವಿರುವ ಒಬ್ಬ ವ್ಯಕ್ತಿಯ ಕೈಯಿಂದ ಇಡೀ ಕುಟುಂಬಕ್ಕೆ ತತ್ತಿಗಳು ಹರಡಬಲ್ಲವು.

ಮಲದಲ್ಲಿ ಚಪ್ಪಟೆಯಾದ ಬಿಳಿಯ ತುಣುಕುಗಳು ಕಂಡುಬಂದರೆ ವೈದ್ಯರಿಗೆ ತೋರಿಸಿರಿ, ಅದಕ್ಕೆ ಸುಲಭವಾದ ಔಷಧಿಯುಂಟು. ಮಕ್ಕಳಿಗಾಗಲಿ ದೊಡ್ಡವರಿಗಾಗಲಿ ಹೊಸದಾಗಿ ಫಿಟ್ಸ್ ಬಂದಲ್ಲಿ ಕೈಗೆ ಕಬ್ಬಿಣ ಕೊಡುವುದು, ಉಳ್ಳಾಗಡ್ಡಿ ಮೂಸಿಸುವುದು ಇವುಗಳಲ್ಲಿ ಕಾಲ ಕಳೆಯದೆ, ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿ, ಆಸ್ಪತ್ರೆಗೆ ಒಯ್ಯಿರಿ. ಮಿದುಳಿನ ಸ್ಕ್ಯಾನ್ ಆಗಬೇಕು. ಅಂಥವರಿಗೆ ಅಂಗಡಿಯಿಂದ ಜಂತುಹುಳುವಿನ ಮಾತ್ರೆ ತಂದು ತಾವಾಗಿಯೇ ಕೊಡಬಾರದು. ಮಿದುಳಿನಲ್ಲಿ ಗುಳ್ಳೆಯಿದ್ದರೆ, ಅದು ಸಾಯುವಾಗ ಉಂಟಾಗುವ ಬಾವಿನಿಂದ ಫಿಟ್ಸ್ ಉಲ್ಬಣಿಸಬಹುದು.

ಮಾವನವರ ವಿಷಯದಲ್ಲಿ ಮಾಂಸಕ್ಕಿಂತ ಸಾಸಿನ ಬಾಟಲಿಯೇ ಹೆಚ್ಚು ಅಪಾಯಕಾರಿ. ಒಂದು ದೊಡ್ಡ ಚಮಚ ಸೋಯಾ ಸಾಸಿನಲ್ಲಿ ಎರಡು ಗ್ರಾಮಿಗೂ ಮಿಕ್ಕ ಉಪ್ಪಿರುತ್ತದೆ. ದಿನವಿಡೀ 5 ಗ್ರಾಮಿಗಿಂತ ಕಡಿಮೆ ಉಪ್ಪು ತಿನ್ನಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆ ಸಾಸನ್ನು ಬಿಟ್ಟು ನಿಮ್ಮ ಕಾಳುಮೆಣಸು, ಕಾಚಂಪುಳಿಗಳಿಂದಲೇ ರುಚಿ ಕಟ್ಟಿರಿ. ಕೊಬ್ಬಿನ ಪದರವನ್ನು ಕೊಯ್ದು ತೆಗೆದು, ವಾರಕ್ಕೊಮ್ಮೆ ನೂರು ಗ್ರಾಮಿನೊಳಗೆ ಬಡಿಸಿದರೆ ಅಡ್ಡಿಯಿಲ್ಲ. ಕೊಬ್ಬು ಕಡಿಮೆಯಿರುವ ನೂರು ಗ್ರಾಂ ಹಂದಿಮಾಂಸದಲ್ಲಿ ಒಬ್ಬರ ದಿನದ ಅಗತ್ಯದ ಸುಮಾರು ಅರ್ಧದಷ್ಟು ಥಯಾಮಿನ್ ಜೀವಸತ್ವವಿರುತ್ತದೆ; ಗಿರಣಿಯಲ್ಲಿ ನುಣುಪು ಮಾಡಿದ ಗಂಗಾವತಿಯ ಬಿಳಿ ಅಕ್ಕಿಯನ್ನೇ ದಿನಂಪ್ರತಿ ಉಣ್ಣುವವರಿಗೆ ಕಡಿಮೆ ಬೀಳುವ ಸತ್ವ ಅದೇ.

ಪ್ರಶ್ನೆ: ನಮ್ಮ ಭತ್ತದ ಗದ್ದೆಗಳ ಬಳಿ ಹಂದಿಗಳು ತಿರುಗಾಡುತ್ತವೆ. ಹಂದಿಮಾಂಸ ತಿಂದರೆ ಮಿದುಳು ಜ್ವರ ಬರುವುದೆ?
— ಓದುಗರು, ಗಂಗಾವತಿ

ಉತ್ತರ: ಇಲ್ಲ. ಜಪಾನೀಸ್ ಎನ್ಸೆಫಲೈಟಿಸ್ ಎಂಬ ಆ ಜ್ವರದ ವೈರಾಣುವು ಹಂದಿಯ ರಕ್ತದಲ್ಲಿ ವೃದ್ಧಿಯಾಗುವುದು ನಿಜವಾದರೂ, ನಮ್ಮನ್ನು ತಲಪುವುದು ಕ್ಯೂಲೆಕ್ಸ್ ಸೊಳ್ಳೆಯ ಕಡಿತದಿಂದ. ಆ ಸೊಳ್ಳೆಗೆ ತುಂಗಭದ್ರೆಯ ಕಾಲುವೆಯ ನೀರು ನಿಂತ ಗದ್ದೆಯೇ ತವರು, ಮುಸ್ಸಂಜೆಯ ಅನಂತರದ ಹೊತ್ತೇ ಅದರ ಬೇಟೆಯ ಕಾಲ. ಸೊಳ್ಳೆಪರದೆ ಕಟ್ಟಿರಿ, ಹಂದಿಗೂಡುಗಳು ವಸತಿಯಿಂದ ದೂರವಿರಲೆಂದು ಗ್ರಾಮ ಪಂಚಾಯಿತಿಯನ್ನು ಕೇಳಿರಿ. ನಮ್ಮ ಜಿಲ್ಲೆಯು ಈ ರೋಗದ ಪ್ರದೇಶವಾದುದರಿಂದ ಮಕ್ಕಳಿಗೆ 9 ತಿಂಗಳು ತುಂಬಿದಾಗ ಒಮ್ಮೆ, 16ರಿಂದ 24 ತಿಂಗಳ ನಡುವೆ ಇನ್ನೊಮ್ಮೆ ಲಸಿಕೆ ಹಾಕುತ್ತಾರೆ. ಎರಡೂ ಆಗಿವೆಯೇ ಎಂದು ತಾಯಿ ಕಾರ್ಡಿನಲ್ಲಿ ನೋಡಿ, ಒಂದು ತಪ್ಪಿದ್ದರೂ ಈ ವಾರವೇ ಆಶಾ ಕಾರ್ಯಕರ್ತೆಗೆ ತಿಳಿಸಿರಿ.